ಕೆಡಲೊಲ್ಲದ ದೊಡ್ಡಪ್ಪ

ಇಷ್ಟಕ್ಕೆಲ್ಲ ಕಾರಣ ಒಂದು ಸುಳ್ಳು ಸೊಂಟನೋವು.

ಹೋದ ತಿಂಗಳು ಡ್ರೈವರಮ್ಮನಿಗೆ ಅವಳ ಗಂಡನ ಅಕ್ಕ ಫೋನ್ ಮಾಡಿ, "ನಮ್ಮನೆ ಕಿಟಕಿಗೆಲ್ಲ ಹೊಸಾ ಪರದೆ ಆಗ್ಬೇಕು ಕಣೇ. ಬಟ್ಟೆ ತಂದಿಟ್ಟಿದೀನಿ. ಒಂದು ವಾರ ಬಂದಿದ್ದು ಹೊಲ್ಕೊಟ್ಟು ಹೋಗು" ಎಂದಿದ್ದರು. ಆ ಮನೆಯಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು. ಡ್ರೈವರಮ್ಮನ ಬಾಯಿಂದ, ಅವಳ ಅಪ್ಪಣೆಗೂ ಕಾಯದೆ, ಉತ್ತರ ಹೊರಬಿದ್ದಿತ್ತು: "ಅಯ್ಯೋ ಅಕ್ಕಾ, ಹೇಗೆ ಬರ್ಲಿ? ಸೊಂಟ ಹಿಡ್ಕೊಂಡ್ಬಿಟ್ಟಿದೆ." ಫೋನ್ ಇಟ್ಟವಳು ಅದೇ ಸೊಂಟದಿಂದ ಜೋಡಿ ಹಾಸಿಗೆಯೊಂದನ್ನು ಎತ್ತಿ ಪಿಕಪ್ಪಿಗೆ ಹಾಕಿಕೊಂಡು ಗಿರಾಕಿಯ ಮನೆಗೆ ಹೊರಟುಹೋಗಿದ್ದಳು.

ಸುಳ್ಳು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ತಮ್ಮ ಹಾಸಿಗೆ ಅಂಗಡಿಯಲ್ಲಿ ಹತ್ತಿಮೂಟೆಗಳ ಹಿಂದೆ ಕೂತಿದ್ದ ಗಂಡನ ಕಿವಿಗೆ ಆ 'ಸೊಂಟ' ಬಿದ್ದಿತ್ತು. ಅವನು ಒಳ್ಳೆಯವನು. ಒಳ್ಳೆಯ ಗಂಡಂದಿರ ತೊಂದರೆಯೇ ಅದು. ಹೆಂಡತಿ ಹೇಳಿದ್ದರಲ್ಲಿ ಬಹುಪಾಲು ಅವರಿಗೆ ಕೇಳಿಸುವುದಿಲ್ಲ. ಕೇಳಿಸಿದ ಒಂದು ಮಾತಿನ ಮೇಲೆ ಮಾತ್ರ ಕೋಳಿ ಮೊಟ್ಟೆಯ ಮೇಲೆ ಕೂತಂತೆ ಕೂತು, ಮರಿ ಮಾಡದೆ ಏಳುವುದಿಲ್ಲ.

ಮರಿ ಈ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೊರಗೆ ಬಂತು.

"ಗಾಡಿ ಮಾರಿಬಿಡ್ತೀನಿ" ಎಂದ ಗಂಡ. "ಇವತ್ತು ಜೇನು ಸಾಕೋರೊಬ್ರು ನೋಡೋಕೆ ಬರ್ತಿದಾರೆ. ಇನ್ಮೇಲೆ ಹಾಸಿಗೆ ಸಾಗಿಸೋಕೆ ಒಂದು ಕಂಪನಿಯೋರ ಹತ್ರ ಮಾತಾಡಿದೀನಿ. ನೀನು ಆ ಸ್ಟೇರಿಂಗ್ ಜೊತೆ ಗುದ್ದಾಡಿದ್ದು ಸಾಕು. ಆರಾಮಾಗಿ ಅಂಗಡೀಲಿ ಕೂತು ದಿಂಬಿನ ಗವಸು ಹೊಲಿ. ಅಕ್ಕನೂ ಬರ್ತಿದಾಳೆ, ನಿನ್ನ ಸೊಂಟ ನೋಡ್ಕೊಳ್ಳೋಕೆ."

ಹೇಳಿ, ಬಹುಮಾನಕ್ಕೆ ಕಾಯುವ ಶಾಲೆ ಹುಡುಗನ ಹಾಗೆ ಅವಳ ಮುಖವನ್ನೇ ನೋಡಿದ. ಡ್ರೈವರಮ್ಮ ನಕ್ಕಳು. ನಗದೆ ಏನು ಮಾಡುವುದು? ಸೊಂಟ ಚೆನ್ನಾಗಿದೆ ಎಂದರೆ ನಾದಿನಿಗೆ ಹೇಳಿದ್ದು ಸುಳ್ಳೆಂದಾಗುತ್ತದೆ. ಸೊಂಟ ಚೆನ್ನಾಗಿಲ್ಲ ಎಂದರೆ ಗಾಡಿ ಹೋಗುತ್ತದೆ. ಬಾಯಲ್ಲಿದ್ದ ತುತ್ತನ್ನು ಅವಳು ಬಹಳ ಹೊತ್ತು ಅಗಿದಳು.

ಗಂಡನಿಗೆ ಗಾಡಿ ಓಡಿಸಲು ಬರುವುದಿಲ್ಲ. ಹೊಸದಾಗಿ ಕೊಂಡಾಗ ಕಲಿಯಲು ಹೋಗಿ ತಮ್ಮದೇ ಅಂಗಡಿಯ ಬಾಗಿಲಿಗೆ ಗುದ್ದಿ, ಇಳಿದು, ಕೈ ಮುಗಿದವನು ಮತ್ತೆ ಹತ್ತಲಿಲ್ಲ. ಹಾಗೆ ಅದು ಅವಳ ಪಾಲಿಗೆ ಬಂತು. ಅಂದಿನಿಂದ ಊರಿನ ಹಾಸಿಗೆ, ದಿಂಬುಗಳೆಲ್ಲ ಅವಳ ಕೈಯಿಂದಲೇ ಮನೆ ಮನೆಗೆ ಹೋಗಿವೆ. ಆ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡರೆ ಸಾಕು, ಅವಳು ಯಾರಿಗೂ ಏನೂ ಅಲ್ಲ. ಹೆಂಡತಿಯಲ್ಲ, ತಾಯಿಯಲ್ಲ, ತಮ್ಮನ ಹೆಂಡತಿಯಲ್ಲ. ಎಂಜಿನ್ ಸದ್ದಿಗೆ ಫೋನು ಬಡಿದುಕೊಂಡರೂ ಕೇಳಿಸುವುದಿಲ್ಲ. ಅಪಸ್ವರದಲ್ಲಿ ಹಾಡಬಹುದು. ನಾದಿನಿಗೆ ಕೊಡಬೇಕಿದ್ದ ಉತ್ತರಗಳನ್ನು ಗಟ್ಟಿಯಾಗಿ ಕೊಡಬಹುದು. ಅಮ್ಮ ತೀರಿಕೊಂಡಾಗ ಮನೆಯಲ್ಲಿ ಎಲ್ಲರನ್ನೂ ಸಮಾಧಾನ ಮಾಡಿದವಳು, ಅತ್ತದ್ದು ಆ ಸ್ಟೇರಿಂಗಿನ ಮೇಲೆ.

ಗಾಡಿಗೆ ದೊಡ್ಡಪ್ಪ ಎಂದು ಹೆಸರಿಟ್ಟವಳೂ ಅವಳೇ. ಬೆಳಿಗ್ಗೆ ಎದ್ದೊಡನೆ ಮನೆಯ ಹಿರಿಯರು ಕೆಮ್ಮುವ ಹಾಗೆ ಅದು ಗೊಳ್ಳೆಂದು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಸಂಜೆಯವರೆಗೆ ಒಂದೇ ರಾಗದಲ್ಲಿ ಗೊಣಗುತ್ತ ಕೆಲಸ ಮಾಡುತ್ತದೆ. ಏರಿನಲ್ಲಿ ಸೈಕಲ್ಲಿನವರೂ ಅದನ್ನು ದಾಟಿ ಹೋಗುತ್ತಾರೆ. ಆದರೆ ದಾರಿಯಲ್ಲಿ ಕೈಕೊಟ್ಟದ್ದು ಈವರೆಗೆ ಇಲ್ಲ.

ಎದುರಿನ ಗಾಜಿನ ಅಂಗಡಿಯವನ ಹತ್ತಿರವೂ ಅದೇ ವಯಸ್ಸಿನ ಇನ್ನೊಂದು ಪಿಕಪ್ ಇತ್ತು. ಬೇರೆ ಕಂಪನಿಯದು. ಸದ್ದಿಲ್ಲ, ವೇಗ ಹೆಚ್ಚು, ಏರಿನಲ್ಲಿ ಜಿಂಕೆ. ಆದರೆ ವರ್ಷಕ್ಕೊಮ್ಮೆ ಏನಾದರೊಂದು ಮುನಿಸು. ಎಂಜಿನ್ ಬಿಚ್ಚಿ ಕಟ್ಟಿದ್ದು ಎಷ್ಟು ಸಲವೋ. ಬೀದಿಯವರು ಅದನ್ನು ಅಳಿಯ ಎನ್ನುತ್ತಿದ್ದರು. ಮರ್ಯಾದೆ ಕಡಿಮೆಯಾದರೆ ಮುಖ ತಿರುಗಿಸುತ್ತದೆ ಎಂಬ ಕಾರಣಕ್ಕೆ. ಇವೆರಡರಲ್ಲಿ ಯಾವ ಎಂಜಿನ್ ಹೆಚ್ಚು ಕಾಲ ಬದುಕುತ್ತದೆ ಎಂಬುದು ಆ ಬೀದಿಯ ಮುಗಿಯದ ವಾದ. ಇವತ್ತು ಕೊಳ್ಳುವವನೊಬ್ಬ ಬರುತ್ತಾನೆಂದು ತಿಳಿದಾಗ ಗಾಜಿನವನೂ ಅಳಿಯನ ಮೈ ತೊಳೆದು, ಬಾನೆಟ್ ಒರೆಸಿ, ತನ್ನದನ್ನೂ ಮಾರಾಟಕ್ಕೆ ನಿಲ್ಲಿಸಿಬಿಟ್ಟ.

ಅದನ್ನು ಕಂಡು ಡ್ರೈವರಮ್ಮನಿಗೆ ದಾರಿ ಹೊಳೆಯಿತು. ದೊಡ್ಡಪ್ಪ ಇವತ್ತೊಂದು ದಿನ ಕೆಟ್ಟರೆ ಸಾಕು. ಜೇನಿನವನು ಅಳಿಯನನ್ನು ಕೊಂಡು ಹೋಗುತ್ತಾನೆ. ಕೆಟ್ಟ ಗಾಡಿಯನ್ನು ಯಾರೂ ಕೊಳ್ಳುವುದಿಲ್ಲ.

ಜೇನಿನವನು ಬಂದದ್ದು ಟ್ರ್ಯಾಕ್ಟರಿನಲ್ಲಿ. ಓಡಿಸುತ್ತಿದ್ದವಳು ಅವನ ಹೆಂಡತಿ. ಅವನು ಪಕ್ಕದಲ್ಲಿ ದಪ್ಪ ಹಗ್ಗದ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಜೇನುಹುಳಗಳ ನಡುವೆ ಬಾಳಿದ್ದರಿಂದಲೋ ಏನೋ, ಮೆಲ್ಲಗೆ ನಡೆಯುವ, ಮೆಲ್ಲಗೆ ಮಾತಾಡುವ ಮನುಷ್ಯ. ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ಉಳಿದವರು ನಾಲ್ಕು ಮಾತಾಡಿ ಮುಗಿಸಿರುತ್ತಿದ್ದರು.

"ನಂಗೆ ಎಂಜಿನ್ನು..." ಎಂದು ಅವನು ಶುರು ಮಾಡಿದ.

"ಎಂಜಿನ್ ಬಗ್ಗೆ ನನ್ನ ಕೇಳಿ" ಎಂದು ಬಸ್ಸಣ್ಣ ನಡುವೆ ಬಂದ. ಬಸ್ಸು ಓಡಿಸಿ ನಿವೃತ್ತನಾದವನು. ಆ ಬೀದಿಯಲ್ಲಿ ಗಾಡಿಗಳ ವಿಷಯದಲ್ಲಿ ಕೊನೆಯ ಮಾತು ಅವನದು, ಮೊದಲಿನ ಮಾತೂ ಅವನದೇ. "ಈ ಅಳಿಯ ಇದಾನಲ್ಲ, ತಲೆ ಅಲ್ಯೂಮಿನಿಯಂ. ಒಳಗೆ ರಬ್ಬರ್ ಬೆಲ್ಟು. ಬಿಸಿ ಆದ್ರೆ ತಲೆ ಸೊಟ್ಟ ಆಗತ್ತೆ, ಬೆಲ್ಟ್ ಹರಿದ್ರೆ ಕತೆ ಮುಗೀತು. ದೊಡ್ಡಪ್ಪ ತಲೆಯಿಂದ ಕಾಲಿನವರೆಗೆ ಕಬ್ಬಿಣ. ಬೆಲ್ಟಿಲ್ಲ, ಹಲ್ಲಿನ ಚಕ್ರ. ಓಡೋಕೆ ಒಂದು ಎಲೆಕ್ಟ್ರಾನಿಕ್ ಸಾಮಾನು ಬೇಡ."

"ಬೆಲ್ಟು ಬದಲಾಯಿಸಿದ್ರೆ ಆಯ್ತಪ್ಪ" ಎಂದ ಗಾಜಿನವನು. "ನಮ್ದು ದೊಡ್ಡಪ್ಪನ ಎರಡರಷ್ಟು ಎಳೆಯತ್ತೆ."

"ಎಳೆಯತ್ತೆ. ಎಳೆದು ಸುಸ್ತಾಗಿ ಮಲಗತ್ತೆ. ಎಂಜಿನ್ನಿಗೆ ಆಯಸ್ಸು ಬರೋದು ಶಕ್ತಿಯಿಂದ ಅಲ್ಲ ಕಣಯ್ಯ, ಸಮಾಧಾನದಿಂದ."

ಜೇನಿನವನು ಮೆಲ್ಲಗೆ ಗಾಡಿಯ ಹಿಂದಕ್ಕೆ ಹೋಗಿ, ಸಾಮಾನು ತುಂಬುವ ತೊಟ್ಟಿಯ ತಳವನ್ನು ಬೆರಳಿಂದ ತಟ್ಟಿ, ಟೇಪು ಹಿಡಿದು ಅಳೆದ. ಬಗ್ಗಿ ಸ್ಪ್ರಿಂಗುಗಳನ್ನು ನೋಡಿದ.

"ನೋಡಿ, ಎಂಜಿನ್ ನೋಡೋಕೆ ಹಿಂದಿನಿಂದ ಶುರು ಮಾಡ್ತಿದಾರೆ" ಎಂದು ಬಸ್ಸಣ್ಣ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ. "ಆಳ ಬಲ್ಲ ಮನುಷ್ಯ."

ಮೊದಲು ತಣ್ಣಗಿರುವ ಎಂಜಿನ್ ಶುರುವಾಗುವ ಪರೀಕ್ಷೆ. ಹಳೆಯ ಡೀಸೆಲ್ ಗಾಡಿಗಳಿಗೆ ಕೀಲಿಯನ್ನು ಅರ್ಧ ತಿರುಗಿಸಿ, ಒಳಗೆ ಬಿಸಿಯಾಗುವವರೆಗೆ ಕಾದು, ಆಮೇಲೆ ಪೂರ್ತಿ ತಿರುಗಿಸಬೇಕು. ಗಾಜಿನವನು ಧ್ಯಾನಕ್ಕೆ ಕೂತವನ ಹಾಗೆ ಕಾದ. ಆದರೂ ಅಳಿಯ ಮೂಡಿಗೆ ಬರಲು ಮೂರು ಸಲ ಕರೆಸಿಕೊಂಡ. ಡ್ರೈವರಮ್ಮ ಬೇಕೆಂದೇ ಕಾಯಲಿಲ್ಲ. ಸಾಲದ್ದಕ್ಕೆ, ಯಾರೂ ನೋಡದಾಗ ಬ್ಯಾಟರಿಯ ತಂತಿ ಕಚ್ಚುವ ಹಿಡಿಕೆಯನ್ನೂ ಸಡಿಲ ಮಾಡಿಟ್ಟಿದ್ದಳು. ಒಮ್ಮೆಗೇ ಕೀಲಿ ತಿರುಗಿಸಿದಳು.

ಗೊಳ್ಳೆಂದು ಕೆಮ್ಮಿ ದೊಡ್ಡಪ್ಪ ಎದ್ದು ಕೂತ.

"ಅಬ್ಬಾ" ಎಂದ ಬಸ್ಸಣ್ಣ, ಬಾನೆಟ್ಟಿನೊಳಗೆ ತಲೆ ಹಾಕಿ. "ಡ್ರೈವರಮ್ಮಾ, ಬ್ಯಾಟರಿ ಹಿಡಿಕೆ ಕೈಯಾಡಿಸಿದ್ರೆ ಕಳಚಿ ಬರ್ತಿದೆ. ಇಂಥಾದ್ರಲ್ಲೂ ಹೊತ್ಕೊಳ್ತು ನೋಡು. ನಿನ್ನ ಪುಣ್ಯ, ನಾನು ನೋಡಿದೆ." ಜೇಬಿನಿಂದ ಸ್ಪ್ಯಾನರ್ ತೆಗೆದು ಬಿಗಿ ಮಾಡಿಯೇಬಿಟ್ಟ. ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಓಡಾಡುವ ಮನುಷ್ಯರನ್ನು ಡ್ರೈವರಮ್ಮ ಆ ಕ್ಷಣದಲ್ಲಿ ಮನಸಾರೆ ಶಪಿಸಿದಳು. ಆದರೂ ಒಳಗೆಲ್ಲೋ ಎದೆ ಒಂದಿಷ್ಟು ಉಬ್ಬಿತು.

ಜೇನಿನವನ ಮುಖ ಮಾತ್ರ ಸಣ್ಣಗಾಯಿತು. "ಪಾಪ" ಎಂದ ಅವನು.

ಅಷ್ಟರಲ್ಲಿ ನಾದಿನಿ ಬಂದಿಳಿದರು. ಕೈಯಲ್ಲಿ ಬಿಸಿನೀರಿನ ಚೀಲ, ಎಣ್ಣೆ ಸೀಸೆ, ಬೆನ್ನಿಗೆ ಕಟ್ಟುವ ಪಟ್ಟಿ. "ಗಾಡಿ ಹತ್ತಿದೀಯಲ್ಲೇ, ಇಳಿಯೇ ಕೆಳಗೆ. ಈ ಸೊಂಟ ಇಟ್ಕೊಂಡು" ಎಂದು ಬೀದಿಯಲ್ಲೇ ಪಟ್ಟಿ ಬಿಗಿದರು. ಡ್ರೈವರಮ್ಮ ಕಟ್ಟು ಹಾಕಿದ ಹಾಸಿಗೆಯ ಹಾಗೆ ನೆಟ್ಟಗೆ ನಿಂತಳು. ನೋವಿನ ಮುಖ ಮಾಡುವುದು ಮರೆತಿದ್ದು ನೆನಪಾಗಿ, ಮಾಡಿದಳು.

ಎರಡನೆಯದು, ನಿಂತಲ್ಲೇ ಎಂಜಿನ್ ಓಡುವಾಗ ಬಾನೆಟ್ಟಿನ ಮೇಲೆ ನೀರಿನ ಲೋಟ ಇಡುವ ಪರೀಕ್ಷೆ. ಬಸ್ಸಣ್ಣ ಲೋಟ ತರಲು ಹೋಗಿ, ಉಳಿದವರು ಅಳಿಯನ ಸುತ್ತ ನೆರೆದ ಸಂದಿಯಲ್ಲಿ ಡ್ರೈವರಮ್ಮ ಎಂಜಿನ್ ನಿಲ್ಲಿಸಿ, ಅಂಗಡಿಯಿಂದ ಒಂದು ದಿಂಬಿನಷ್ಟು ಹತ್ತಿ ತಂದು, ಸೈಲೆನ್ಸರ್ ಕೊಳವೆಯೊಳಗೆ ತನ್ನ ಕೈಗೆ ಅಭ್ಯಾಸವಿದ್ದ ರೀತಿಯಲ್ಲೇ ಒತ್ತಿ ಒತ್ತಿ ತುಂಬಿದಳು. ಜೀವಮಾನವೆಲ್ಲ ದಿಂಬು ತುಂಬಿದವಳು. ಇಂಥ ಗಟ್ಟಿ ದಿಂಬನ್ನು ಅವಳೂ ತುಂಬಿರಲಿಲ್ಲ. ಉಸಿರು ಕಟ್ಟಿದರೆ ಯಾವ ಎಂಜಿನ್ ತಾನೇ ಓಡುತ್ತದೆ?

ಕೀಲಿ ತಿರುಗಿತು. ದೊಡ್ಡಪ್ಪ ಒಮ್ಮೆ ತಡವರಿಸಿದ. ಬಿಕ್ಕಿದ. ಮೈಯೆಲ್ಲ ನಡುಗಿತು. ಸಾಯಿಸುತ್ತಿದ್ದೇನೆಯೋ ಏನೋ ಎನಿಸಿ ಡ್ರೈವರಮ್ಮನ ಕೈ ಎಂಜಿನ್ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಆಗ ಢಂ ಎಂಬ ಸದ್ದಾಯಿತು. ಹತ್ತಿಯ ಉಂಡೆ ಫಿರಂಗಿ ಗುಂಡಿನ ಹಾಗೆ ಹಾರಿ, ಗಾಳಿಯಲ್ಲಿ ಬಿಚ್ಚಿಕೊಂಡು, ಇಡೀ ಬೀದಿಯ ಮೇಲೆ ಮೋಡದಂತೆ ಇಳಿಯಿತು. ದೊಡ್ಡ ಪಾಲು ನಾದಿನಿಯ ತಲೆಯ ಮೇಲೆ ಕೂತಿತು. ಕ್ಷಣದಲ್ಲಿ ಅವರು ಇಪ್ಪತ್ತು ವರ್ಷ ಹೆಚ್ಚು ವಯಸ್ಸಾದವರಂತೆ ಕಂಡರು.

"ಹಕ್ಕಿ ಗೂಡು ಕಟ್ಟಿರ್ಬೇಕು" ಎಂದಳು ಡ್ರೈವರಮ್ಮ, ಕ್ಷೀಣ ದನಿಯಲ್ಲಿ.

"ಗೂಡಲ್ಲ, ಮನೆ ಕಟ್ಟಿದ್ರೂ ಉಗೀತಿತ್ತು" ಎಂದ ಬಸ್ಸಣ್ಣ. ಅವನ ಕಣ್ಣಲ್ಲಿ ನೀರಿತ್ತು. "ನೋಡ್ರಯ್ಯ ಒಳಗಿನ ಒತ್ತಡ. ಹಣ್ಣಿನ ಬೀಜ ಉಗಿದ ಹಾಗೆ ಉಗೀತು. ಇಷ್ಟು ವಯಸ್ಸಾದ ಮೇಲೆ ಈ ಒತ್ತಡ ಉಳಿಸ್ಕೊಂಡಿರೋ ಎಂಜಿನ್ ನಾನಂತೂ ನೋಡಿಲ್ಲ."

ಲೋಟ ಇಟ್ಟರು. ದೊಡ್ಡಪ್ಪನ ಮೇಲೆ ನೀರು ಅಲುಗಿತು, ಚೆಲ್ಲಲಿಲ್ಲ. ಅಳಿಯನ ಮೇಲೆ ಮೊದಲು ಅಲುಗಲೂ ಇಲ್ಲ. ಗಾಜಿನವನು ಮೀಸೆ ತಿರುವುವಷ್ಟರಲ್ಲಿ ಎಂಜಿನ್ ಯಾಕೋ ಒಮ್ಮೆ ಬೆಚ್ಚಿಬಿದ್ದು, ಲೋಟ ಉರುಳಿ, ಅವನ ಪ್ಯಾಂಟು ಒದ್ದೆಯಾಯಿತು.

"ಲೋಟದ್ದೇ ತಪ್ಪು" ಎಂದ ಅವನು.

ಜೇನಿನವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ದೊಡ್ಡಪ್ಪನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಆ ಗೊಣಗಾಟವನ್ನು ಬಹಳ ಹೊತ್ತು ಕೇಳಿದ. ಟ್ರ್ಯಾಕ್ಟರಿನ ಮೇಲಿದ್ದ ಅವನ ಹೆಂಡತಿಯೂ ಇಳಿದು ಬಂದು ಕೇಳಿದಳು. "ನಾನು ಏನು ಹೇಳ್ತೀನಂದ್ರೆ..." ಎಂದು ಅವನು ಮತ್ತೆ ಶುರು ಮಾಡಿದ. "ಊಟ ಆದ್ಮೇಲೆ ಹೇಳಿ" ಎಂದು ಡ್ರೈವರಮ್ಮನ ಗಂಡ ಎಲ್ಲರನ್ನೂ ಒಳಗೆ ಕರೆದ.

ಡ್ರೈವರಮ್ಮ ಬಡಿಸಿ, ನೆಪ ಹೇಳಿ ಹೊರಗೆ ಬಂದು ಗಾಡಿಯಲ್ಲಿ ಕೂತಳು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬರುತ್ತಿದ್ದವು. ಇಷ್ಟು ವರ್ಷ ಈ ಎಂಜಿನ್ ಕೆಡದಿರಲಿ ಎಂದು ಎಣ್ಣೆ ತಪ್ಪಿಸದೆ ಬದಲಾಯಿಸಿದವಳು ತಾನು. ಚಳಿಗಾಲದಲ್ಲಿ ಮಾರದೆ ಉಳಿದ ಹಾಸಿಗೆ ಹೊದಿಸಿದವಳು ತಾನು. ಸಾಕಿದ್ದಕ್ಕೆ ಸರಿಯಾಗಿ ಅದು ನಿಂತಿದೆ. ಯಾರನ್ನು ದೂರುವುದು? "ಒಂದೇ ಒಂದು ದಿನ ಕೆಡೋಕಾಗಲ್ವ ನಿಂಗೆ?" ಎಂದು ಸ್ಟೇರಿಂಗಿಗೆ ಹೇಳಿದಳು. "ಮನೇಲಿ ಎಲ್ರೂ ಒಂದೊಂದು ದಿನ ಮೈ ಸರಿಯಿಲ್ಲ ಅಂತ ಮಲಗ್ತಾರೆ. ನೀನೊಬ್ಬನೇ ನೋಡು ನನ್ನ ಹಾಗೆ."

ಆಗ ಅವಳ ಕಣ್ಣು ಆ ಗುಂಡಿಯ ಮೇಲೆ ಬಿತ್ತು.

ದೊಡ್ಡಪ್ಪನ ಕಾಲದ ಡೀಸೆಲ್ ಎಂಜಿನ್ನುಗಳು ಕೀಲಿ ತೆಗೆದರೆ ನಿಲ್ಲುವುದಿಲ್ಲ. ಸ್ಟೇರಿಂಗಿನ ಕೆಳಗೆ ಒಂದು ಕರಿ ಗುಂಡಿ ಇರುತ್ತದೆ. ಅದನ್ನು ಹೊರಗೆ ಎಳೆದರೆ ಡೀಸೆಲ್ ಹರಿಯುವುದು ನಿಂತು ಎಂಜಿನ್ ಆರುತ್ತದೆ. ಎಳೆದದ್ದನ್ನು ಹಾಗೆಯೇ ಬಿಟ್ಟರೆ, ಎಷ್ಟು ಕೀಲಿ ತಿರುಗಿಸಿದರೂ ಹೊತ್ತಿಕೊಳ್ಳುವುದಿಲ್ಲ. ಇಷ್ಟು ಸುಲಭದ್ದು ಬೆಳಿಗ್ಗೆಯಿಂದ ಹೊಳೆದಿರಲಿಲ್ಲ. ಓಡುವ ದೊಡ್ಡಪ್ಪನನ್ನು ನಿಲ್ಲಿಸಲು ಮಾತ್ರ ಅದನ್ನು ಮುಟ್ಟಿ ಅಭ್ಯಾಸ, ಓಡದಂತೆ ಮಾಡಲು ಅಲ್ಲ. ಅವಳು ಗುಂಡಿ ಎಳೆದು, ಅದರ ಮೇಲೆ ಗಾಜು ಒರೆಸುವ ಬಟ್ಟೆಯನ್ನು ಇಳಿಬಿಟ್ಟಳು.

ಊಟ ಮುಗಿಸಿ ಬಂದವರಲ್ಲಿ ಗಂಡನ ಮುಖ ಯಾಕೋ ಸಪ್ಪಗಿತ್ತು. "ಒಂದೇ ಒಂದು ಸಲ ಕೇಳಿ ಸ್ವಾಮೀ, ಕೊನೇ ಸಲ. ಆಮೇಲೆ ನಿಮ್ಮಿಷ್ಟ" ಎಂದು ಜೇನಿನವನನ್ನು ಕೈಹಿಡಿದು ತಂದ. "ಏ, ಸ್ಟಾರ್ಟ್ ಮಾಡೇ."

ಡ್ರೈವರಮ್ಮ ಕೀಲಿ ತಿರುಗಿಸಿದಳು. ಎಂಜಿನ್ ತಿರುಗಿತು, ತಿರುಗಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದಳು. ಬಸ್ಸಣ್ಣ ಬಾನೆಟ್ಟಿಗೆ ಧಾವಿಸಿದ. ಬ್ಯಾಟರಿ ಮುಟ್ಟಿದ, ಡೀಸೆಲ್ ಕೊಳವೆ ಮುಟ್ಟಿದ. "ಮಾಡಮ್ಮಾ, ಇನ್ನೊಂದ್ಸಲ. ಇನ್ನೊಂದ್ಸಲ." ಅವಳು ವಿಧೇಯಳಾಗಿ ಕೀಲಿ ತಿರುಗಿಸುತ್ತಲೇ ಹೋದಳು. ಕೊನೆಗೆ ಬಸ್ಸಣ್ಣ ತಲೆಯೆತ್ತಿ ಕೇಳಿದ, "ಸ್ಟಾಪ್ ಗುಂಡಿ ಒಳಗಿದೆಯಾ?"

ಇದೊಂದನ್ನು ಅವಳು ಎಣಿಸಿರಲಿಲ್ಲ. "ಒಳಗೇ ಇದೆ ಬಸ್ಸಣ್ಣ" ಎಂದಳು.

ಅವನು ಬಂದು ನೋಡಬಹುದಿತ್ತು. ನೋಡಲಿಲ್ಲ. ಡ್ರೈವರಿಗೆ ಡ್ರೈವರ್ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ ಅವನದು. ಸ್ಪ್ಯಾನರನ್ನು ಜೇಬಿಗೆ ಹಾಕಿ, ಬಾನೆಟ್ಟನ್ನು ಸದ್ದಾಗದಂತೆ ಇಳಿಸಿ, ಯಾರ ಮುಖವನ್ನೂ ನೋಡದೆ, ಮಣ್ಣು ಮಾಡಿ ಬಂದವನ ಹಾಗೆ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಡ್ರೈವರಮ್ಮನಿಗೆ ಸೊಂಟದ ಸುಳ್ಳಿಗಿಂತ ಈ ಸುಳ್ಳು ಹೆಚ್ಚು ಚುಚ್ಚಿತು.

"ನಾನು ಹೇಳಿರ್ಲಿಲ್ವಾ" ಎಂದು ಗಾಜಿನವನು ಮುಂದೆ ಬಂದ. "ಬನ್ನಿ ಸಾರ್, ಅಳಿಯನ ಮಾತಾಡೋಣ."

"ನಿಮ್ದು ಓಡತ್ತಲ್ಲ" ಎಂದ ಜೇನಿನವನು, ಸಂಕೋಚದಿಂದ. ಆಮೇಲೆ ಗಂಡನ ಕಡೆ ತಿರುಗಿ ಕೈ ಚಾಚಿದ. "ನಂಗೆ ಇದು ಒಪ್ಪಿಗೆ. ಈಗ್ಲೇ ತಗೊಂಡು ಹೋಗ್ತೀನಿ."

ಡ್ರೈವರಮ್ಮ ಗಾಡಿಯಿಂದ ಇಳಿಯುತ್ತಿದ್ದವಳು ಅರ್ಧಕ್ಕೇ ನಿಂತಳು. "ಕೆಟ್ಟು ಹೋಗಿದೆಯಲ್ರೀ."

"ಅದಕ್ಕೇ ಅಮ್ಮಾ" ಎಂದ ಅವನು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವನ ಮಾತನ್ನು ಯಾರೂ ತುಂಡರಿಸಲಿಲ್ಲ. "ನಂಗೆ ಎಂಜಿನ್ ಬೇಡ. ಅದನ್ನ ಹೇಳೋಕೇ ಬೆಳಿಗ್ಗೆಯಿಂದ ಒದ್ದಾಡ್ತಿದೀನಿ. ಎಂಜಿನ್ನು, ಮುಂಭಾಗ ಎಲ್ಲ ಕತ್ತರಿಸಿ ತೆಗ್ದು, ಹಿಂಭಾಗ ಅಷ್ಟನ್ನೇ ಟ್ರ್ಯಾಕ್ಟರಿಗೆ ಕಟ್ಟೋ ಟ್ರಾಲಿ ಮಾಡ್ಕೋಬೇಕು, ಜೇನುಪೆಟ್ಟಿಗೆ ಸಾಗಿಸೋಕೆ. ಇದರ ತೊಟ್ಟೀಲಿ ಒಂದು ಗೀರಿಲ್ಲ, ಜನ್ಮವೆಲ್ಲ ಹಾಸಿಗೆ ಹೊತ್ತಿರೋದು. ಸ್ಪ್ರಿಂಗು ಹೂವಿನ ಹಾಗಿದೆ. ಆದ್ರೆ ಬೆಳಿಗ್ಗೆ ಎಂಜಿನ್ ಸದ್ದು ಕೇಳಿದ್ಮೇಲೆ ಮನಸ್ಸು ಬರ್ಲಿಲ್ಲ. ಇಷ್ಟು ಜೀವ ಇರೋದನ್ನ ಹೇಗಮ್ಮ ಬಿಚ್ಚಿ ಹಾಕೋದು? ಊಟಕ್ಕೆ ಕೂತಾಗ ನಿಮ್ಮೆಜಮಾನ್ರಿಗೆ ಬೇಡ ಅಂದ್ಬಿಟ್ಟಿದ್ದೆ. ಈಗ ಅದೇ ಕಣ್ಮುಚ್ಕೊಂಡಿದೆ. ಇನ್ನು ಪಾಪ ಇಲ್ಲ."

ಅರ್ಧ ಇಳಿದಿದ್ದ ಡ್ರೈವರಮ್ಮ ಮತ್ತೆ ಒಳಗೆ ಏರಿದಳು. ಸುಮ್ಮನೆ ಊಟ ಬಡಿಸುತ್ತ ಅಲ್ಲೇ ನಿಂತಿದ್ದರೆ ಸಾಕಿತ್ತು. ದೊಡ್ಡಪ್ಪ ತನ್ನನ್ನು ತಾನೇ ಉಳಿಸಿಕೊಂಡಿದ್ದ.

"ಕೆಟ್ಟಿಲ್ಲ" ಎಂದಳು. "ನಾನೇ ಗುಂಡಿ ಎಳೆದಿದ್ದೆ. ನೋಡಿ, ಇಲ್ಲಿ." ಬಟ್ಟೆ ಕಿತ್ತೆಸೆದು, ಗುಂಡಿಯನ್ನು ಒಳಗೆ ಒತ್ತಿ, ಕೀಲಿ ತಿರುಗಿಸಿದಳು.

ಕಟ ಕಟ ಕಟ ಎಂದಿತು ದೊಡ್ಡಪ್ಪ. ಅಷ್ಟೇ. ಇಷ್ಟು ಹೊತ್ತು ತಿರುಗಿಸಿ ತಿರುಗಿಸಿ ಬ್ಯಾಟರಿ ಬರಿದಾಗಿತ್ತು.

"ಅಕ್ಕಾ, ಬಸ್ಸಣ್ಣ ಕೇಳಿದಾಗ ಗುಂಡಿ ಒಳಗಿದೆ ಅಂದ್ರಲ್ಲ" ಎಂದ ಗಾಜಿನವನು.

"ಆಗ ಸುಳ್ಳು ಹೇಳಿದ್ದು."

"ಈಗ ಹೇಳ್ತಿರೋದೂ ಸುಳ್ಳೇ ಕಣೇ" ಎಂದರು ನಾದಿನಿ, ಮೃದುವಾಗಿ. ಅವರ ತಲೆಯಲ್ಲಿ ಇನ್ನೂ ಹತ್ತಿ ಉಳಿದಿತ್ತು. "ಸಂಕಟ ಆಗತ್ತೆ, ನಂಗೊತ್ತು. ಬಿಡು, ಹಳೇ ಕಬ್ಬಿಣ."

ಹಳೇ ಕಬ್ಬಿಣ ಎಂಬ ಮಾತಿಗೆ ಡ್ರೈವರಮ್ಮನ ತಾಳ್ಮೆ ಮುಗಿಯಿತು. ಡೀಸೆಲ್ ಎಂಜಿನ್ನಿಗೆ ಬ್ಯಾಟರಿಯೇ ಬೇಕೆಂದಿಲ್ಲ. ಗೇರಿನಲ್ಲಿಟ್ಟು ತಳ್ಳಿದರೂ ಹೊತ್ತಿಕೊಳ್ಳುತ್ತದೆ. ಅವಳು ಗೇರ್ ಹಾಕಿ, ಕೆಳಗೆ ಧುಮುಕಿ, ಹಿಂದಕ್ಕೆ ಓಡಿ, ಬೆನ್ನಿನ ಪಟ್ಟಿಯ ಸಮೇತ ತೊಟ್ಟಿಗೆ ಹೆಗಲು ಕೊಟ್ಟು, ಇದ್ದ ಶಕ್ತಿಯನ್ನೆಲ್ಲ ಹಾಕಿ ನೂಕಿದಳು. ಒಬ್ಬಳೇ, ಸಮತಟ್ಟು ಬೀದಿಯಲ್ಲಿ, ಗೇರಿನಲ್ಲಿ ಕಚ್ಚಿಕೊಂಡು ನಿಂತ ಗಾಡಿಯನ್ನು.

ಗಾಡಿ ಅಲುಗಲಿಲ್ಲ. ಅವಳ ಸೊಂಟದಲ್ಲಿ ಏನೋ ಟಕ್ ಎಂದಿತು.

ಅಂಗಡಿಯಿಂದ ಹಾಸಿಗೆಯೊಂದನ್ನು ತಂದು ಬಾಗಿಲಲ್ಲೇ ಹಾಸಿ ಅವಳನ್ನು ಮಲಗಿಸಿದರು. ಒಳ್ಳೆಯ ಹಾಸಿಗೆ, ಅವಳೇ ಹೊಲಿದದ್ದು. ನಾದಿನಿ ಬಿಸಿನೀರಿನ ಚೀಲವನ್ನು ಕೆಳಗೆ ತುರುಕುತ್ತ, "ಸೊಂಟನೋವು ಅಂದ್ರೆ ನಾಟಕ ಇರ್ಬೋದು ಅಂತ ಒಂದೊಂದ್ಸಲ ಅನ್ಕೊಂಡಿದ್ದೆ. ದೇವರು ಮೆಚ್ಚಲ್ಲ, ತಪ್ಪಾಯ್ತು ಕಣೇ" ಎಂದು ಕಣ್ಣೊರೆಸಿಕೊಂಡರು.

ಮಲಗಿದಲ್ಲಿಂದಲೇ ಅವಳು ನೋಡಿದಳು. ಟ್ರ್ಯಾಕ್ಟರಿಗೂ ದೊಡ್ಡಪ್ಪನಿಗೂ ಹಗ್ಗ ಬಿಗಿಯಿತು. ಜೇನಿನವನ ಹೆಂಡತಿ ಟ್ರ್ಯಾಕ್ಟರ್ ಏರಿದಳು, ಅವನು ಪಿಕಪ್ಪಿನ ಸ್ಟೇರಿಂಗ್ ಹಿಡಿದ. ಅಂಗಡಿಗಳು, ಗಾಜಿನವನ ಬಾಗಿಲು, ಬಸ್ಸಣ್ಣನ ಮುಚ್ಚಿದ ಮನೆ, ಒಂದೊಂದಾಗಿ ದಾಟಿ ಸವಾರಿ ಮೆಲ್ಲಗೆ ಸಾಗಿತು. ಬೀದಿಯ ಕೊನೆಯಲ್ಲಿ ಇಳಿಜಾರು. ಗಾಡಿ ಟ್ರ್ಯಾಕ್ಟರಿನ ಮೇಲೆ ನುಗ್ಗದಿರಲೆಂದು ಜೇನಿನವನು ಗೇರ್ ಹಾಕಿ ಕ್ಲಚ್ ಬಿಟ್ಟಿರಬೇಕು.

ಗೊಳ್ಳೆಂದು ಕೆಮ್ಮು ಕೇಳಿಸಿತು. ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ ಆ ಗೊಣಗಾಟ, ಏನೂ ಆಗಿಲ್ಲವೆಂಬಂತೆ.

ಬಸ್ಸಣ್ಣನ ಬಾಗಿಲು ತೆರೆಯಿತು. ಅವನು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಬೀದಿಗೆ ಓಡಿಬಂದು, "ನಮ್ಮದು, ಅದು ನಮ್ಮದು" ಎಂದು ಎಲ್ಲರಿಗೂ ಹೇಳತೊಡಗಿದ. ಡ್ರೈವರಮ್ಮನ ಕಣ್ಣು ತುಂಬಿಬಂತು. ದುಃಖಕ್ಕೋ ಹೆಮ್ಮೆಗೋ ಅವಳಿಗೇ ತಿಳಿಯಲಿಲ್ಲ.

ಜೇನಿನವನು ನಡೆದೇ ವಾಪಸು ಬಂದ, ಹಿಂದೆ ಹೆಂಡತಿ. "ಅಮ್ಮಾ, ಅದು ಸತ್ತಿಲ್ಲ" ಎಂದ. "ನಾನಿನ್ನು ಅದನ್ನ ಬಿಚ್ಚಲ್ಲ. ಇನ್ನೊಂದು ಮಾತು. ಮನಸ್ಸು ಬದಲಾಯಿಸ್ತೀರಾದ್ರೆ ಈಗ್ಲೇ ಹೇಳಿ. ಎದ್ದು ಬಂದು ಕೂತ್ಕೊಳ್ಳಿ, ನಿಮ್ಮ ಗಾಡಿ ನೀವೇ ಹಿಂದಕ್ಕೆ ತಗೊಂಡ್ಬನ್ನಿ. ನಂಗೆ ಬೇಜಾರಿಲ್ಲ."

ಇಡೀ ಬೀದಿ ಅವಳನ್ನು ನೋಡಿತು. ಇಂಥ ಮಾತು ಯಾವಾಗಲೂ ಸಿಗುವುದಿಲ್ಲ. ಅವಳು ಮೊಣಕೈ ಊರಿದಳು. ಎದ್ದೇಬಿಡುತ್ತೇನೆ ಎಂದುಕೊಂಡಳು. ಸೊಂಟ ಅವಳನ್ನು ಒಂದು ಗೇಣು ಎತ್ತಲು ಬಿಟ್ಟು, ಮತ್ತೆ ಹಾಸಿಗೆಗೆ ಒಗೆಯಿತು. ಬಾಯಿಂದ ಹೊರಟದ್ದು ಒಂದು ನರಳಾಟ ಮಾತ್ರ.

"ನೋಡಿದ್ರಲ್ಲ ಸ್ವಾಮೀ" ಎಂದ ಗಂಡ, ಅವಳ ಕೈ ಹಿಡಿದುಕೊಂಡು. "ಇದಕ್ಕೇ ನಾನು ಮಾರಿದ್ದು. ತಗೊಂಡ್ಹೋಗಿ."

ಜೇನಿನವನ ಹೆಂಡತಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಬೆಳಿಗ್ಗೆಯಿಂದ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. "ಟ್ರ್ಯಾಕ್ಟರು ಅವ್ರೇ ಓಡಿಸ್ಲಿ. ಇದನ್ನ ನಾನಿಟ್ಕೋತೀನಿ ಅಂದಿದೀನಿ" ಎಂದಳು. "ಏನಾದ್ರೂ ಗೊತ್ತಿರ್ಬೇಕಾ, ಅಕ್ಕಾ?"

ಡ್ರೈವರಮ್ಮ ಅವಳ ಕೈಗಳನ್ನು ನೋಡಿದಳು. ಗಟ್ಟಿ ಕೈ. "ಎರಡನೇ ಗೇರು ಸ್ವಲ್ಪ ಮುನಿಸ್ಕೊಳ್ಳತ್ತೆ, ಬಲವಂತ ಮಾಡ್ಬೇಡಿ" ಎಂದಳು. "ಎಣ್ಣೆ ಬದಲಾಯಿಸೋದು ಮರೀಬೇಡಿ. ಮತ್ತೆ..." ಸುತ್ತ ಇದ್ದವರನ್ನು ನೋಡಿ ದನಿ ತಗ್ಗಿಸಿದಳು. "ಒಳಗೆ ಕೂತ್ಮೇಲೆ ಫೋನ್ ಸದ್ದು ಕೇಳ್ಸಲ್ಲ."

ಜೇನಿನವನ ಹೆಂಡತಿ ಅರ್ಥವಾದವಳಂತೆ ಕಣ್ಣಲ್ಲೇ ನಕ್ಕು ಎದ್ದು ಹೋದಳು. ಇಳಿಜಾರಿನಲ್ಲಿ ದೊಡ್ಡಪ್ಪನ ಸದ್ದು ಗಟ್ಟಿಯಾಯಿತು, ಮೆಲ್ಲಗೆ ದೂರವಾಯಿತು. ಎರಡನೆಯ ಗೇರಿಗೆ ಬಿದ್ದದ್ದು ಡ್ರೈವರಮ್ಮನಿಗೆ ಇಲ್ಲಿಂದಲೇ ತಿಳಿಯಿತು. ಬಲವಂತ ಮಾಡಲಿಲ್ಲ, ಪರವಾಗಿಲ್ಲ.

"ನೀನೇನೂ ಯೋಚ್ನೆ ಮಾಡ್ಬೇಡ" ಎಂದರು ನಾದಿನಿ, ದಿಂಬು ಸರಿಮಾಡುತ್ತ. "ನೀನು ಪೂರ್ತಿ ಸುಧಾರಿಸ್ಕೊಳ್ಳೋವರ್ಗೂ ನಾನಿಲ್ಲೇ ಇರ್ತೀನಿ. ಮಲಗಿ ಮಲಗಿ ನಿಂಗೂ ಬೇಜಾರಾಗತ್ತೆ. ಒರಗಿ ಕೂರೋ ಹಾಗಾದ್ಮೇಲೆ ಕೈಗೆ ಒಂದು ಕೆಲ್ಸ ಇರ್ಲಿ ಅಂತ, ಪರದೆ ಬಟ್ಟೆ ಎಲ್ಲ ನಾಳೆ ಇಲ್ಲಿಗೇ ತರಿಸ್ತಿದೀನಿ."